ಐವಿ ಬಳ್ಳಿ ಕಡಿದ ಚಳಿಗಾಲ

2024ರ ಜನವರಿ 14, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಲಾರ್ಕ್‌ಫೋಲ್ಡ್ ಸುರಂಗದ ಹೊಸ ಗೇಟಿನ ಬೀಗವನ್ನು ಮರ್ವಿನ್ ಗೂಚ್ ತೆಗೆದರು. ಗೇಟು ಅವರೇ ಮಾಡಿದ್ದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿವೃತ್ತರಾದ ಮೇಲೂ ವೆಲ್ಡಿಂಗ್ ಬಿಟ್ಟಿರಲಿಲ್ಲ. ಹಳೆಯ ಗೇಟು ತುಕ್ಕು ಹಿಡಿದು, ಕೆಳಗಿನ ಪಟ್ಟಿಗಳು ಬಾಗಿ, ಯಾರು ಬೇಕಾದರೂ ನುಸುಳುವಂತಾಗಿತ್ತು. ಹೊಸದರ ಅಡ್ಡಪಟ್ಟಿಗಳ ನಡುವೆ ಬಾವಲಿಯೊಂದು ತಡೆಯಿಲ್ಲದೆ ಹಾರಿಹೋಗುವಷ್ಟು ಜಾಗವಿತ್ತು, ಮನುಷ್ಯನ ತಲೆ ತೂರುವಷ್ಟು ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅದನ್ನು ಕೂರಿಸಿದ ಮೇಲೆ ನಾವು ಒಳಗೆ ಹೋಗುತ್ತಿದ್ದುದು ಅದೇ ಮೊದಲು.

ನಾವು ಮೂವರು. ಮುಂದೆ ಹೆಸ್ಟರ್ ಟಡೆನ್‌ಹ್ಯಾಮ್. ಬಾವಲಿಗಳು ಮಲಗಿರುವ ಜಾಗಕ್ಕೆ ಕಾಲಿಡಲು ಲೈಸೆನ್ಸ್ ಬೇಕು, ನಮ್ಮಲ್ಲಿ ಅದು ಇದ್ದದ್ದು ಅವರೊಬ್ಬರಿಗೇ. ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅದಕ್ಕೂ ಹಿಂದೆ ಅದೇ ಶಾಲೆಯಲ್ಲಿ ಮರ್ವಿನ್ ಪಕ್ಕದ ಬೆಂಚಿನಲ್ಲಿ ಕೂತು ಓದಿದವರು. ಇಬ್ಬರಿಗೂ ಎಪ್ಪತ್ತೊಂದು ವರ್ಷ. ಹಿಂದೆ ನಾನು; ಹೆಸರು ಜೂಡಿತ್. ಬೀಟ್ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬಾವಲಿಗಳನ್ನು ಎಣಿಸಿ ಕಾಯುವ ನಮ್ಮ ಊರವರ ಗುಂಪಿನಲ್ಲಿ ತಾಪಮಾಪಕಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

ಗೇಟು ದಾಟಿದ ಮೇಲೆ ಮಾತಿಲ್ಲ. ಟಾರ್ಚಿನ ಬೆಳಕನ್ನು ಒಂದೇ ಕಡೆ ನಿಲ್ಲಿಸುವಂತಿಲ್ಲ, ಬಾವಲಿಯ ಕೆಳಗೆ ನಿಂತು ಮೇಲಕ್ಕೆ ಉಸಿರು ಬಿಡುವಂತಿಲ್ಲ. ಚಳಿಗಾಲದ ನಿದ್ದೆಯಲ್ಲಿರುವ ಬಾವಲಿಯ ಮೈ ಗೋಡೆಯಷ್ಟೇ ತಣ್ಣಗಿರುತ್ತದೆ. ಅದು ಒಮ್ಮೆ ಎಚ್ಚರವಾದರೆ ಮೈ ಬಿಸಿ ಮಾಡಿಕೊಳ್ಳಲು ವಾರಗಟ್ಟಲೆ ಬರಬೇಕಾದ ಕೊಬ್ಬನ್ನು ಕೆಲವೇ ಗಂಟೆಗಳಲ್ಲಿ ಕರಗಿಸಿಬಿಡುತ್ತದೆ. ಹೊರಗೆ ಹೋದರೆ ತಿನ್ನಲು ಹುಳವಿಲ್ಲ. ಆದ್ದರಿಂದ ಜನವರಿಯಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಒಳಗೆ ಹೋಗಿ, ಎಣಿಸಿ, ಬೇಗ ಹೊರಬರುವುದು ನಮ್ಮ ಪದ್ಧತಿ. ಎಣಿಕೆಯನ್ನು ಹೆಸ್ಟರ್ ಬೆರಳು ಎತ್ತಿ ತೋರಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಸುಣ್ಣದ ಗೂಡುಗಳಿಗೆಂದು ಸೀಮೆಸುಣ್ಣದ ಗುಡ್ಡವನ್ನು ಕೊರೆದು ಮಾಡಿದ ಸುರಂಗ ಅದು. ಯುದ್ಧದ ಕಾಲದಲ್ಲಿ ಊರವರು ಬಾಂಬಿಗೆ ಹೆದರಿ ಅಲ್ಲಿ ಮಲಗಿದ್ದರಂತೆ. ನೇರವಾದ ಒಂದು ದಾರಿ, ಅದರ ಎಡಕ್ಕೆ ಒಂದಾದ ಮೇಲೊಂದರಂತೆ ನಾಲ್ಕು ಕವಲುಗಳು. ನಾಲ್ಕನೆಯದರ ಚಾವಣಿ ಹಲವು ವರ್ಷಗಳ ಹಿಂದೆ ಕುಸಿದು ಬಾಯಿ ಮುಚ್ಚಿಹೋಗಿತ್ತು, ಕಲ್ಲಿನ ರಾಶಿಯ ಮೇಲೆ ದಿಂಬಿನ ಗಾತ್ರದ ಒಂದು ಸಂದಿಯಷ್ಟೇ ಉಳಿದಿತ್ತು. ಅಲ್ಲಿಗೆ ನಾವು ಹೋಗುತ್ತಿರಲಿಲ್ಲ. ಬಾವಲಿಗಳಲ್ಲಿ ಮುಕ್ಕಾಲು ಪಾಲು ಸಿಗುತ್ತಿದ್ದುದು ಮೊದಲ ಎರಡು ಕವಲುಗಳ ಬಿರುಕುಗಳಲ್ಲೇ.

ಮೊದಲನೆಯದಕ್ಕೆ ತಿರುಗುತ್ತಿದ್ದಂತೆ ನನ್ನ ಕೆನ್ನೆಗೆ ಗಾಳಿ ತಾಗಿತು. ಆ ಸುರಂಗದಲ್ಲಿ ನಾನು ಅದುವರೆಗೆ ಗಾಳಿಯನ್ನು ಅನುಭವಿಸಿರಲೇ ಇಲ್ಲ. ಹೆಸ್ಟರ್ ಒಂದು ಬಿರುಕಿನ ಮುಂದೆ ನಿಂತರು, ಮುಂದಿನದಕ್ಕೆ ಹೋದರು, ಮತ್ತೆ ಹಿಂದಿನದಕ್ಕೆ ಬಂದರು. ಬಳ್ಳಿಯಂತೆ ಬಾಗುವ ತೆಳ್ಳಗಿನ ಕ್ಯಾಮೆರಾವನ್ನು ಆಳದ ಬಿರುಕುಗಳಿಗೆ ತೂರಿಸಿ ಅಂಗೈಯಗಲದ ಪರದೆಯಲ್ಲಿ ನೋಡಿದರು. ಕೊನೆಗೆ ಬೆರಳು ಎತ್ತಲಿಲ್ಲ, ಮುಷ್ಟಿ ಕಟ್ಟಿ ತೋರಿಸಿದರು. ಮುಷ್ಟಿಯೆಂದರೆ ಸೊನ್ನೆ.

ಬೇಸಿಗೆಯಲ್ಲೇ ಗೋಡೆಗೆ ನೇತುಹಾಕಿದ್ದ, ದಿನದಿನದ ತಾಪವನ್ನು ತಾನೇ ದಾಖಲಿಸಿಕೊಳ್ಳುವ ತಾಪಮಾಪಕವನ್ನು ನೋಡಿದೆ. ನವೆಂಬರಿನಿಂದ ಈಚೆಗೆ ಅಲ್ಲಿ ಮುಟ್ಟಿದ್ದ ಅತಿ ಕಡಿಮೆ ತಾಪ ಸೊನ್ನೆಗಿಂತ ಒಂದೂವರೆ ಡಿಗ್ರಿ ಕೆಳಗೆ ಇತ್ತು. ಹಿಂದಿನ ಚಳಿಗಾಲದಲ್ಲಿ ಅದೇ ಜಾಗ ಆರು ಡಿಗ್ರಿಗಿಂತ ಕೆಳಗೆ ಇಳಿದಿರಲಿಲ್ಲ. ಉಪಕರಣ ಕೆಟ್ಟಿರಬಹುದೆಂದು ಒಂದು ಕ್ಷಣ ಅಂದುಕೊಂಡೆ. ಆದರೆ ಎರಡನೆಯ ಕವಲಿನ ಕಮಾನಿನಿಂದ ನನ್ನ ತೋರುಬೆರಳಿನಷ್ಟುದ್ದದ ಹಿಮದ ಕಡ್ಡಿಯೊಂದು ಇಳಿಬಿದ್ದಿತ್ತು. ಅಲ್ಲೂ ಮುಷ್ಟಿ. ಮೂರನೆಯದರಲ್ಲಿ ಹನ್ನೊಂದು. ನಾಲ್ಕನೆಯದರ ಕಲ್ಲಿನ ರಾಶಿಯ ಮುಂದೆ ಒಂದು ಕ್ಷಣ ನಿಂತು ಹಿಂತಿರುಗಿದೆವು. ಬರುವಾಗ ಮರ್ವಿನ್ ನೆಲವನ್ನೇ ನೋಡುತ್ತಾ ನಡೆದರು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು, ಅದನ್ನೇ ನಾನೂ ಹುಡುಕುತ್ತಿದ್ದೆ. ಸತ್ತ ಬಾವಲಿ ಒಂದೂ ಕಾಣಲಿಲ್ಲ. ಅದು ಸಮಾಧಾನದ ವಿಷಯವೇನೂ ಆಗಿರಲಿಲ್ಲ. ಸತ್ತದ್ದನ್ನು ಇಲಿಗಳು ಬಿಡುವುದಿಲ್ಲ.

ಹೊರಗೆ ಬಂದು ಹೆಲ್ಮೆಟ್ ತೆಗೆದೆವು. ಹಿಂದಿನ ಜನವರಿಯಲ್ಲಿ ನಾವು ಎಣಿಸಿದ್ದು ನೂರ ನಲವತ್ತಮೂರು.

"ನನ್ನ ಗೇಟು," ಎಂದರು ಮರ್ವಿನ್.

ಗೇಟಿನ ಅಳತೆ ಸರಿಯಾಗಿಯೇ ಇದೆಯೆಂದು ನಾನು ಹೇಳಿದೆ. ಪಟ್ಟಿಗಳ ಅಂತರವನ್ನು ಕೂರಿಸುವ ಮುಂಚೆಯೇ ಹೆಸ್ಟರ್ ಟೇಪು ಹಿಡಿದು ನೋಡಿದ್ದರು. ಅಕ್ಟೋಬರಿನ ಒಂದು ಸಂಜೆ ಬಾವಲಿಗಳು ಅದರ ನಡುವೆ ಸಲೀಸಾಗಿ ಒಳಗೆ ಹೋಗಿದ್ದನ್ನು ನಾವು ಮೂವರೂ ಕಂಡಿದ್ದೆವು. ಹಾಗಾದರೆ ಒಳಗೆ ಹೋದವು ಎಲ್ಲಿ ಹೋದವು? ಮರ್ವಿನ್ ತಿರುಗಿ ಸುರಂಗದ ಬಾಯಿಯನ್ನು ನೋಡುತ್ತಾ ನಿಂತರು. ಆಗ ನಾನೂ ನೋಡಿದೆ.

ಬಾಯಿಯ ಸುತ್ತ ಗುಡ್ಡದ ಮುಖ ಬೆಳ್ಳಗೆ, ಉಜ್ಜಿದ ಹಲ್ಲಿನ ಹಾಗೆ ಹೊಳೆಯುತ್ತಿತ್ತು. ಸೆಪ್ಟೆಂಬರಿನವರೆಗೆ ಅಲ್ಲಿ ಐವಿ ಬಳ್ಳಿ ಕೈಗಾತ್ರದ ಕಾಂಡಗಳಾಗಿ ಹಬ್ಬಿ, ಗೇಟಿನ ಮುಂದೆ ದಟ್ಟವಾಗಿ ಇಳಿಬಿದ್ದಿತ್ತು. ಕೆಳಗಿನಿಂದ ಮುಳ್ಳುಪೊದೆ ಎದ್ದಿತ್ತು. ಕೆಲಸ ಮುಗಿದ ಮೇಲೆ ಸುತ್ತಲಿನ ಜಾಗ ಗುಡಿಸದೆ ಮರ್ವಿನ್ ಯಾವ ಕೆಲಸವನ್ನೂ ಒಪ್ಪಿಸಿದವರಲ್ಲ. ಡಿಪೋದಲ್ಲೂ ಹಾಗೇ, ಮನೆಯಲ್ಲೂ ಹಾಗೇ. ಗೇಟು ಕೂರಿಸಿದ ಮಾರನೆಯ ದಿನ ಮಚ್ಚು, ಗರಗಸ ಹಿಡಿದು ಬಂದು ಎಲ್ಲವನ್ನೂ ಕಡಿದು ತೆಗೆದರು. ಗುಂಪಿನವರೆಲ್ಲ ಬಂದು ಸೊಪ್ಪು ಎಳೆದು ಹಾಕಿದೆವು. ಗೇಟು ಈಗ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಹೊಗಳಿದೆವು, ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು, ಮರ್ವಿನ್ ಅವರ ಹೆಂಡತಿ ಥೆಲ್ಮಾ ಮಾಡಿ ಕಳಿಸಿದ್ದ ಒಣದ್ರಾಕ್ಷಿ ಕೇಕು ತಿಂದೆವು. ಕಾಡಿನಲ್ಲಿ ಒಂದು ಎಲೆ ತುಳಿಯಲೂ ಹಿಂಜರಿಯುವ ನಾವು ಆ ಬಳ್ಳಿಯನ್ನು ಕಸವೆಂದೇ ಕಂಡಿದ್ದೆವು. ಸುರಂಗದ ಬಾಯಿ ಈಶಾನ್ಯಕ್ಕೆ ತೆರೆದಿದೆ. ಚಳಿಗಾಲದ ಗಾಳಿ ಬರುವುದು ಅದೇ ದಿಕ್ಕಿನಿಂದ. ಇಷ್ಟು ವರ್ಷ ಅದನ್ನು ತಡೆದು ನಿಲ್ಲಿಸಿದ್ದದ್ದು ಆ ಕಸ.

ಮರ್ವಿನ್ ಬೀಗವನ್ನು ಕೈಯಲ್ಲಿ ಹಿಡಿದೇ ಇದ್ದರು.

"ಇನ್ನೂ ಹಾಕಿಲ್ಲ. ನಾಲ್ಕನೇದರ ಹತ್ರ ಹೋಗಿ ಒಂದ್ಸಲ ಇಣುಕಿ ನೋಡ್ಕೊಂಡು ಬಂದ್ಬಿಡ್ತೀನಿ. ಐದು ನಿಮಿಷ ಕಣೇ, ಹೆಸ್ಟರ್."

"ಇಣುಕಬೇಕು ಅಂದ್ರೆ ಆ ರಾಶಿ ಹತ್ತಬೇಕು. ಹತ್ತಿದ್ರೆ ಕಲ್ಲು ಉರುಳುತ್ತೆ. ಅಲ್ಲಿ ಏನೂ ಇಲ್ದಿದ್ರೆ ನೀನು ಹೋಗಿ ಪ್ರಯೋಜನ ಇಲ್ಲ. ಇದ್ರೆ, ನೀನು ಹೋಗಿದ್ದೇ ಅವಕ್ಕೆ ಮುಳುವಾಗುತ್ತೆ."

"ಹಂಗಂತ ಗೊತ್ತಿಲ್ದೇ ಕೂತ್ಕೊಳ್ಳಲಾ ನಾನು? ಎಲ್ಲಾನೂ ಸಾಯಿಸಿದೀನೋ ಇಲ್ವೋ ಅಂತಾನೂ ಗೊತ್ತಿಲ್ದೇ?"

"ಫೆಬ್ರವರಿ ತನಕ ಕೂತ್ಕೋಬೇಕು. ಎಲ್ಲರೂ ಕೂತ್ಕೋತೀವಿ." ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದರು: "ನಿನ್ನ ಸಮಾಧಾನಕ್ಕೆ ಅವನ್ನ ಎಬ್ಬಿಸೋಕಾಗಲ್ಲ, ಮರ್ವಿನ್."

ಮರ್ವಿನ್ ಬೀಗ ಹಾಕಿದರು. ಎಳೆದು ನೋಡಿದರು. ನಂತರ ಕೀಲಿಗೊಂಚಲಿನಿಂದ ಆ ಒಂದು ಕೀಲಿಕೈಯನ್ನು ಬಿಡಿಸಲು ತೊಡಗಿದರು. ಚಳಿಗೆ ಬೆರಳು ಮರಗಟ್ಟಿದ್ದರಿಂದ ಬಹಳ ಹೊತ್ತು ಹಿಡಿಯಿತು. ಬಿಡಿಸಿದ್ದನ್ನು ಹೆಸ್ಟರ್ ಕೈಗೆ ಕೊಟ್ಟರು.

"ಇಟ್ಕೋ. ನನ್ನ ಹತ್ರ ಇದ್ರೆ ನಾನು ಬಂದೇ ಬರ್ತೀನಿ."

ಆ ವಾರವೆಲ್ಲ ಹೆಸ್ಟರ್ ಸುತ್ತಮುತ್ತಲಿನ ಬಾವಲಿ ಗುಂಪುಗಳಿಗೆ ಫೋನ್ ಮಾಡಿದರು. ನಮ್ಮ ಜಿಲ್ಲೆಯಲ್ಲಿ ಬಾವಲಿಗಳು ಮಲಗುವ ಜಾಗಗಳು ಇನ್ನೂ ಕೆಲವಿವೆ: ದೊಡ್ಡ ಮನೆಗಳವರು ಹಿಂದೆ ಮಂಜುಗಡ್ಡೆ ಇಡುತ್ತಿದ್ದ ಇಟ್ಟಿಗೆ ನೆಲಮಾಳಿಗೆಗಳು, ಇನ್ನೆರಡು ಹಳೆಯ ಸುಣ್ಣದ ಗಣಿಗಳು. ನಮ್ಮಲ್ಲಿಂದ ಹೊರಟವು ಅಲ್ಲಿಗೆ ಸೇರಿದ್ದರೆ ಅಲ್ಲಿನ ಎಣಿಕೆ ಏರಿರಬೇಕಿತ್ತು. ಎಲ್ಲೂ ಏರಿರಲಿಲ್ಲ. ಒಬ್ಬರಂತೂ ನಿಮ್ಮಲ್ಲಿ ಏನಾದರೂ ಆಗಿದೆಯಾ ಎಂದು ಕೇಳಿದರಂತೆ. ಬಳ್ಳಿ ಕಡಿದೆವು ಎಂದು ಹೆಸ್ಟರ್ ಒಪ್ಪಿಕೊಂಡರು.

ಕಡಿದ ಬಳ್ಳಿ ಮತ್ತೆ ಅಷ್ಟು ದಟ್ಟವಾಗಲು ಹತ್ತು ಹನ್ನೆರಡು ವರ್ಷ ಬೇಕು. ಅಲ್ಲಿಯವರೆಗೆ ಗಾಳಿಗೆ ಅಡ್ಡವಾಗಿ ಏನಾದರೂ ನಿಲ್ಲಿಸಲೇಬೇಕಿತ್ತು, ಅದೂ ಒಳಗೆ ಹೋಗದೆ, ಸದ್ದು ಮಾಡದೆ. ನಮ್ಮ ಕಡೆ ಕುರಿ ತಡೆಯಲು ಹೇಜಲ್ ಗಿಡದ ಕೋಲುಗಳನ್ನು ಸೀಳಿ ತಡಿಕೆ ಹೆಣೆಯುತ್ತಾರೆ. ಮರ್ವಿನ್ ಎಂದೂ ತಡಿಕೆ ಹೆಣೆದವರಲ್ಲ. ಅವರ ಮೊದಲನೆಯದು ಅರ್ಧಕ್ಕೇ ಬಿಚ್ಚಿಕೊಂಡು ಗ್ಯಾರೇಜಿನ ನೆಲದ ಮೇಲೆ ಹರಡಿತು, ಎರಡನೆಯದು ದೋಣಿಯಂತೆ ಬಾಗಿತು. ಮೂರನೆಯದು ನಿಂತಿತು. ಅಂಥವು ಮೂರು ಬೇಕಾದವು.

ಅವನ್ನು ನೆಡುವ ದಿನ ನಾನೂ ಹೋಗಿದ್ದೆ. ಗೂಟವನ್ನು ಸುತ್ತಿಗೆಯಿಂದ ಹೊಡೆದು ಇಳಿಸುವುದು ಸುಲಭ, ಆದರೆ ಸೀಮೆಸುಣ್ಣ ಪೆಟ್ಟನ್ನು ಒಳಗಿನವರೆಗೂ ಒಯ್ಯುತ್ತದೆ. ಆದ್ದರಿಂದ ಮರ್ವಿನ್ ಮಂಡಿಯೂರಿ ಕೂತು, ಹೆಪ್ಪುಗಟ್ಟಿದ ನೆಲವನ್ನು ತೋಟದ ಕರಣೆಯಿಂದ ಕೆರೆದು ಕೆರೆದು ಗುಂಡಿ ಮಾಡಿದರು. ನಾನು ಹೋಗಿ ಒಂದು ಗುಂಡಿ ತೋಡುತ್ತೇನೆಂದರೆ ಕರಣೆ ಕೊಡಲಿಲ್ಲ. ತಡಿಕೆಯನ್ನು ಗೇಟಿಗೆ ತಾಗಿಸದೆ ಒಂದಷ್ಟು ದೂರದಲ್ಲಿ ನಿಲ್ಲಿಸಿ, ಗಾಳಿ ಅದಕ್ಕೆ ಬಡಿದು, ಬಾವಲಿ ಅದರ ಮೇಲಿಂದ ಹಾರುವಂತೆ ಮಾಡಬೇಕಿತ್ತು. ಎಷ್ಟು ಎತ್ತರ ಎನ್ನುವುದರ ಮೇಲೆ ಮರ್ವಿನ್‌ಗೂ ಹೆಸ್ಟರ್‌ಗೂ ಜಗಳವಾಯಿತು. ಮರ್ವಿನ್ ಇನ್ನೊಂದು ಗೇಣು ಏರಿಸೋಣ ಎನ್ನುವುದು, ಹೆಸ್ಟರ್ ಇಳಿಸು ಎನ್ನುವುದು.

"ನಿನ್ನ ಕೈಗೆ ಬಿಟ್ರೆ ಬಾಗಿಲು, ಪರದೆ, ಕಾಲೊರಸು, ಕರೆಗಂಟೆ ಎಲ್ಲಾ ಹಾಕ್ತೀಯ," ಎಂದರು ಹೆಸ್ಟರ್. "ಅವು ಹಾರ್ಕೊಂಡು ಬರೋವು ಮಾರಾಯ. ಬಸ್ಸಲ್ಲಿ ಬರಲ್ಲ."

ಮರ್ವಿನ್ ನಗಲಿಲ್ಲ, ಆದರೆ ಇಳಿಸಿದರು.

ಥೆಲ್ಮಾ ನನಗೆ ಒಂದು ದಿನ ಅಂಚೆ ಕಚೇರಿಯ ಮುಂದೆ ಸಿಕ್ಕರು. ಗಂಡನಿಗೆ ಊಟ ಸೇರುತ್ತಿಲ್ಲವೆಂದೂ, ಭಾನುವಾರ ಹುರಿದ ಮಾಂಸಕ್ಕೆ ಫೋರ್ಕ್ ಕೂಡ ತಾಗಿಸದೆ ಎದ್ದು ಹೋದರೆಂದೂ ಹೇಳಿದರು. "ಹೋದ ವರ್ಷ ನನಗೆ ಸೊಂಟದ ಆಪರೇಷನ್ ಆಯ್ತಲ್ಲ, ಆಗ ಎರಡೆರಡು ಸಲ ಹಾಕಿಸ್ಕೊಂಡು ತಿಂದ ಮನುಷ್ಯ ಇವನು. ನಾನೂ ತಲೆಕೆಳಗಾಗಿ ನೇತಾಡ್ಬೇಕಿತ್ತೇನೋ." ನಗುತ್ತಲೇ ಹೇಳಿದರು. ಹೋಗುವ ಮುಂಚೆ ನನ್ನ ತೋಳು ಹಿಡಿದು, ಒಳಗೆ ಒಂದಾದರೂ ಬದುಕಿರಬಹುದಾ ಎಂದು ಕೇಳಿದರು. ಹನ್ನೊಂದು ಬದುಕಿವೆ, ನಾವೇ ಕಂಡಿದ್ದೇವೆ ಎಂದೆ. ಅವರು ಕೇಳಿದ್ದು ಕಾಣದೆ ಹೋದವುಗಳ ಬಗ್ಗೆ ಎಂದು ನನಗೂ ಗೊತ್ತಿತ್ತು.

ತಿಂಗಳ ಕೊನೆಯ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಬೇಗ ಬಿಟ್ಟಿದ್ದರಿಂದ ಹೊರಗಿನ ತಾಪಮಾಪಕ ನೋಡಲು ಸುರಂಗದ ಕಡೆ ಹೋದೆ. ಮರ್ವಿನ್ ತಡಿಕೆಯ ಹಿಂದೆ ನಿಂತಿದ್ದರು. ಕೈಗವಸು ಕಳಚಿ, ಗೇಟಿನ ಪಟ್ಟಿಗಳ ನಡುವೆ ಅಂಗೈ ಹಿಡಿದು, ಜ್ವರ ನೋಡುವವರ ಹಾಗೆ ಗಾಳಿಯನ್ನು ನೋಡುತ್ತಿದ್ದರು. ನನ್ನನ್ನು ಕಂಡು ಕೈ ತೆಗೆಯಲಿಲ್ಲ. ಬಾವಲಿ ಎಷ್ಟು ವರ್ಷ ಬದುಕುತ್ತದೆ ಎಂದು ಕೇಳಿದರು. ಇಲಿಯಷ್ಟು ಚಿಕ್ಕದಾದರೂ ಇಲಿಯ ಹಾಗೆ ಬೇಗ ಸಾಯುವುದಿಲ್ಲ, ಮುಂಗೈಗೆ ಗುರುತಿನ ಬಳೆ ಹಾಕಿ ಬಿಟ್ಟವು ಇಪ್ಪತ್ತು ವರ್ಷದ ಮೇಲೂ ಸಿಕ್ಕಿದ್ದುಂಟು ಎಂದು ಹೇಳಿದೆ. ಹೇಳಬಾರದಿತ್ತು ಅನ್ನಿಸಿತು, ಆದರೆ ಕೇಳಿದ ಮೇಲೆ ಇನ್ನೇನು ಹೇಳುವುದು.

"ಇಪ್ಪತ್ತು ಚಳಿಗಾಲ ಕಳೆದಿರೋ ಜೀವ ಅವು," ಎಂದರು. "ನಾನು ಬಂದು ಒಂದು ದಿನ ಗುಡಿಸಿದೆ."

ನನಗೆ ತೋಚಿದ್ದನ್ನು ಹೇಳಿದೆ. ಚಳಿ ಒಂದೇ ಸಲಕ್ಕೆ ಬಂದಿಲ್ಲ, ನವೆಂಬರಿನಿಂದ ಸ್ವಲ್ಪಸ್ವಲ್ಪವಾಗಿ ಇಳಿದಿದೆ. ಬಾವಲಿಗಳು ಚಳಿಗಾಲದಲ್ಲೂ ಆಗೊಮ್ಮೆ ಈಗೊಮ್ಮೆ ತಾವಾಗಿಯೇ ಎದ್ದು ಜಾಗ ಬದಲಿಸುತ್ತವೆ. ಬಾಯಿಯ ಹತ್ತಿರದ ಕವಲುಗಳು ತಣ್ಣಗಾದದ್ದು ಗೊತ್ತಾದರೆ ಹಿಂದಕ್ಕೆ ಸರಿದಿರಬಹುದು. ಹಿಂದಕ್ಕೆ ಎಂದರೆ ನಾಲ್ಕನೆಯದೇ. ಸರಿದಿರಬಹುದು ಎಂದೆನೇ ಹೊರತು ಸರಿದಿವೆ ಎನ್ನಲಿಲ್ಲ. ಅವರು ಆ ವ್ಯತ್ಯಾಸವನ್ನು ಗಮನಿಸಿದರು. "ನೀನು ಯಾವತ್ತೂ ಒಂದು ಸಣ್ಣ ಸುಳ್ಳನ್ನೂ ಹೇಳಲ್ವಲ್ಲ ಜೂಡಿತ್. ಇವತ್ತೊಂದು ದಿನ ಹೇಳಿದ್ರೆ ಏನಾಗ್ತಿತ್ತು," ಎಂದು ಕೈಗವಸು ಹಾಕಿಕೊಂಡರು.

ಫೆಬ್ರವರಿ ಬಂದಾಗ ಮೂವರೂ ಹೆಸ್ಟರ್ ಅಡುಗೆಮನೆಯಲ್ಲಿ ಕೂತು, ರಾಶಿ ಹತ್ತದೆ ನಾಲ್ಕನೆಯದನ್ನು ನೋಡುವುದು ಹೇಗೆಂದು ಯೋಚಿಸಿದೆವು. ಶಾಖ ಕಾಣುವ ಕ್ಯಾಮೆರಾ ತರಿಸಿದರೆ ಹೇಗೆ ಎಂದು ಮರ್ವಿನ್ ಕೇಳಿದರು. ನಿದ್ದೆಯಲ್ಲಿರುವ ಬಾವಲಿ ಗೋಡೆಯಷ್ಟೇ ತಣ್ಣಗಿರುವಾಗ ಅದರಲ್ಲಿ ಗೋಡೆಯೇ ಕಾಣುತ್ತದೆ ಎಂದೆ. ಹೆಸ್ಟರ್ ಬಳಿ ಇದ್ದ ಬಾಗುವ ಕ್ಯಾಮೆರಾದ ಬಾಲ ಒಂದು ಮೀಟರು ಮಾತ್ರ. ರಾಶಿಯ ಬುಡದಿಂದ ಮೇಲಿನ ಸಂದಿ ದಾಟಿ ಆಚೆಗೆ ಹೋಗಲು ಅದರ ಐದಾರು ಪಟ್ಟು ಬೇಕು. ಎರಡನೆಯ ಸಲ ಚಹಾ ಸುರಿಯುವ ಹೊತ್ತಿಗೆ ಹೆಸ್ಟರ್ ತಾಳ್ಮೆ ಮುಗಿದಿತ್ತು.

"ಚರಂಡಿ ಕಟ್ಕೊಂಡ್ರೆ ಕೋಲು ಜೋಡಿಸಿ ಜೋಡಿಸಿ ತೂರಿಸ್ತಾರಲ್ಲ, ಹಂಗೇ ರಸ್ತೆಯಿಂದ್ಲೇ ತೂರಿಸ್ಬಿಡು," ಎಂದರು ರೇಗಿ.

ಮರ್ವಿನ್ ಬಟ್ಟಲು ಕೆಳಗಿಟ್ಟರು. ಒಂದಕ್ಕೊಂದು ತಿರುಗಿಸಿ ಕೂಡಿಸುವ ಅಂಥ ಕೋಲುಗಳ ಕಟ್ಟೊಂದು ಗೂಚ್ ದಂಪತಿಯ ಗ್ಯಾರೇಜಿನಲ್ಲಿ ಇತ್ತು.

ಮುಂದಿನ ದಿನಗಳಲ್ಲಿ ಅಲ್ಲಿ ಅಭ್ಯಾಸ ನಡೆಯಿತು. ಕುರ್ಚಿ, ಪೆಟ್ಟಿಗೆಗಳನ್ನು ರಾಶಿ ಹಾಕಿ, ಆಚೆ ತೊಲೆಗೆ ಥೆಲ್ಮಾರ ಉಣ್ಣೆಯ ಕೈಗವಸುಗಳನ್ನು ನೇತುಹಾಕಿದೆವು. ಕ್ಯಾಮೆರಾದ ಬಾಲಕ್ಕೆ ಮರ್ವಿನ್ ಪರದೆಯವರೆಗೆ ಮುಟ್ಟುವ ಉದ್ದನೆಯ ತಂತಿ ಬೆಸೆದರು. ಕೋಲಿನ ತುದಿಗೆ ಕ್ಯಾಮೆರಾ, ಅದರ ಪಕ್ಕಕ್ಕೆ ನನ್ನ ತಾಪಮಾಪಕದ ತಂತಿ. ಕಲ್ಲಿಗೆ ಕೆರೆಯದಂತೆ ಕೋಲಿನುದ್ದಕ್ಕೂ ಹಳೆಯ ಕಂಬಳಿಯ ಪಟ್ಟಿ ಸುತ್ತಿದೆವು. ಮೊದಮೊದಲು ಕೋಲು ಬಳುಕಿ ಪೆಟ್ಟಿಗೆಗಳಿಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಥೆಲ್ಮಾ ಅಡುಗೆಮನೆಯಿಂದ, ಎದ್ದವು, ಎಲ್ಲಾ ಎದ್ದವು ಎಂದು ಕೂಗಿ ಹೇಳುತ್ತಿದ್ದರು. ಕೊನೆಯ ದಿನ ಅವರು ಏನೂ ಕೂಗಬೇಕಾಗಲಿಲ್ಲ.

ಫೆಬ್ರವರಿಯ ಮೂರನೆಯ ಭಾನುವಾರ ಬೆಳಿಗ್ಗೆ ಒಳಗೆ ಹೋದೆವು. ಮೊದಲ ಕವಲಿನಲ್ಲಿ ಕೆನ್ನೆಗೆ ಗಾಳಿ ತಾಗಲಿಲ್ಲ. ತಡಿಕೆ ನೆಟ್ಟ ಮೇಲೆ ಅಲ್ಲಿನ ತಾಪ ನಾಲ್ಕು ಡಿಗ್ರಿಗಿಂತ ಕೆಳಗೆ ಇಳಿದಿರಲಿಲ್ಲ; ಅದನ್ನು ಮರ್ವಿನ್‌ಗೆ ಬೆರಳಲ್ಲಿ ತೋರಿಸಿದೆ. ಅವರು ತಲೆಯಾಡಿಸಿದರು, ಆದರೆ ಕಣ್ಣು ಹೆಸ್ಟರ್ ಕೈಯ ಮೇಲಿತ್ತು. ಮೊದಲನೆಯದರಲ್ಲಿ ಮುಷ್ಟಿ. ಎರಡನೆಯದರಲ್ಲಿ ಎರಡು ಬೆರಳು. ಮೂರನೆಯದರಲ್ಲಿ ಒಂಬತ್ತು. ಕೂಡಿದರೆ ಅದೇ ಹನ್ನೊಂದು.

ರಾಶಿಯ ಬುಡದಲ್ಲಿ ಮರ್ವಿನ್ ಮಂಡಿಯೂರಿದರು. ನಾನು ಕೆಂಪು ದೀಪ ಹಿಡಿದು ಒಂದೊಂದೇ ಕೋಲು ಕೊಟ್ಟೆ, ಅವರು ತಿರುಗಿಸಿ ಕೂಡಿಸಿ ಮೇಲಕ್ಕೆ ನೂಕಿದರು. ಹೆಸ್ಟರ್ ಪರದೆಯನ್ನು ಎದೆಗೆ ಒತ್ತಿಕೊಂಡಂತೆ ಹಿಡಿದು, ಎಡಕ್ಕೋ ಬಲಕ್ಕೋ ಎಂದು ಹೆಬ್ಬೆರಳಿನಲ್ಲಿ ಸೂಚಿಸುತ್ತಿದ್ದರು. ನಾನು ಅವರ ಭುಜದ ಮೇಲಿಂದ ನೋಡಿದೆ. ಬಿಳಿ ಕಲ್ಲು, ಅದರೊಳಗೆ ಹೂತ ಕಪ್ಪು ಚಕಮಕಿ ಕಲ್ಲಿನ ಗಂಟುಗಳು, ಮತ್ತೆ ಬಿಳಿ ಕಲ್ಲು. ಸಂದಿ ದಾಟಿತು. ಆಚೆಯ ಚಾವಣಿ ಕಂಡಿತು, ನೀರಿನ ಹನಿಗಳು ಹೊಳೆದವು, ಮತ್ತೇನೂ ಇಲ್ಲ. ಒಂದು ಬಿರುಕು, ಖಾಲಿ. ಇನ್ನೊಂದು, ಅದೂ ಖಾಲಿ. ಕೊನೆಯ ಕೋಲನ್ನು ಕೊಟ್ಟೆ. ಅದನ್ನು ಕೂಡಿಸುವಾಗ ಮರ್ವಿನ್ ಕೈ ಒಮ್ಮೆ ಜಾರಿತು, ನಿಲ್ಲಿಸಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಿಡಿದರು.

ಪರದೆಯ ಮೂಲೆಯಲ್ಲಿ ಏನೋ ಕಂದು ಬಣ್ಣ ಬಂತು. ಹೆಸ್ಟರ್ ಹೆಬ್ಬೆರಳು ಎಡಕ್ಕೆ ಸ್ವಲ್ಪವೇ ಸ್ವಲ್ಪ ಬಾಗಿತು. ಚಾವಣಿಯ ಉದ್ದನೆಯ ಬಿರುಕಿನಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ತುಂಬಿದ್ದವು. ಮುಖ ಒಳಗೆ ಹುದುಗಿಸಿ, ತಿಳಿಬಣ್ಣದ ಹೊಟ್ಟೆ ಮಾತ್ರ ಕಾಣುವಂತೆ. ರೋಮದ ತುದಿತುದಿಗೂ ಇಬ್ಬನಿಯ ಹನಿ ಕೂತು, ಯಾರೋ ಸಕ್ಕರೆ ಉದುರಿಸಿದಂತೆ ಕಾಣುತ್ತಿದ್ದವು. ಅವು ಜೀವಂತವೋ ಅಲ್ಲವೋ ಎಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ ಅಂಚಿನಲ್ಲಿದ್ದ ಒಂದು, ಬಹಳ ನಿಧಾನವಾಗಿ, ಹಿಡಿತದ ಕಾಲನ್ನು ಎತ್ತಿ ಪಕ್ಕಕ್ಕೆ ಇಟ್ಟುಕೊಂಡಿತು.

ಹೆಸ್ಟರ್ ಪರದೆಯನ್ನು ಮರ್ವಿನ್ ಕಡೆಗೆ ತಿರುಗಿಸಿದರು.

ಅವರು ನೋಡಿದರು. ಕೋಲನ್ನು ನನ್ನ ಕೈಗೆ ದಾಟಿಸಿ, ಇದ್ದಲ್ಲೇ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ಉಸಿರು ಮೇಲಕ್ಕೆ ಹೋಗಬಾರದೆಂದು ಹಾಗೆ ಮಾಡಿದರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೆಸ್ಟರ್ ಬೆರಳು ಎತ್ತಿ ಎತ್ತಿ ಅರವತ್ತನಾಲ್ಕರವರೆಗೆ ಎಣಿಸಿ, ಸಾಕು ಎಂದು ಕೈ ಆಡಿಸಿದರು. ಬಿರುಕು ಇನ್ನೂ ಒಳಕ್ಕೆ ಹೋಗಿತ್ತು, ಕ್ಯಾಮೆರಾ ಕಂಡದ್ದು ಒಂದು ಬದಿಯನ್ನಷ್ಟೇ. ಉಳಿದವೂ ಅಲ್ಲೇ ಇವೆಯೋ, ಕೆಲವು ನಿಜವಾಗಿಯೂ ಹೋದವೋ ಎಂದು ಆ ದಿನ ತಿಳಿಯಲಿಲ್ಲ. ತಿಳಿಯಲು ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು, ನಾವು ನಿಲ್ಲಲಿಲ್ಲ. ನಿಲ್ಲೋಣವೆಂದು ಮರ್ವಿನ್ ಸನ್ನೆಯನ್ನೂ ಮಾಡಲಿಲ್ಲ. ಕೋಲುಗಳನ್ನು ಒಂದೊಂದಾಗಿ ಬಿಚ್ಚಿ, ಕಂಬಳಿಯಲ್ಲಿ ಸುತ್ತಿ, ಬಂದ ದಾರಿಯಲ್ಲೇ ಹೊರಟೆವು.

ಹೊರಗೆ ಬಿಸಿಲಿತ್ತು. ತಡಿಕೆಯ ಬುಡದಲ್ಲಿ, ಹೆಸ್ಟರ್ ತಂದು ನೆಟ್ಟಿದ್ದ ಐವಿಯ ತುಂಡುಗಳಲ್ಲಿ ಎರಡೋ ಮೂರೋ ಒಣಗದೆ ಉಳಿದಿದ್ದವು. ಕಾರಿನ ಹಿಂಬದಿ ತೆರೆದು ಕೂತು ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಮರ್ವಿನ್ ಚೀಸ್ ಸ್ಯಾಂಡ್‌ವಿಚ್ ಒಂದನ್ನು ತಿಂದರು, ಇನ್ನೊಂದನ್ನು ತಿಂದರು, ಆಮೇಲೆ ನನ್ನ ಡಬ್ಬಿಯ ಕಡೆ ನೋಡಿದರು. ಡಬ್ಬಿಯನ್ನೇ ಅವರ ಮಡಿಲಿಗಿಟ್ಟೆ.

"ಅವಕ್ಕೆ ಬುದ್ಧಿ ಇತ್ತು, ನಮಗಿರ್ಲಿಲ್ಲ ಅಷ್ಟೆ," ಎಂದರು ಹೆಸ್ಟರ್. "ನಿನ್ನ ಗುಡಿಸೋ ಚಟ ತಾಳಲಾರದೆ ಮನೆ ಬದಲಾಯಿಸಿದ್ವು."

"ಬಾಡಿಗೆ ಜಾಸ್ತಿ ಏನೂ ಇಲ್ಲ ತಾನೆ ಒಳಗಡೆ," ಎಂದರು ಮರ್ವಿನ್, ತುಂಬಿದ ಬಾಯಿಯಲ್ಲಿ. ಒಂದು ತಿಂಗಳಲ್ಲಿ ಅವರು ಆಡಿದ ಮೊದಲ ತಮಾಷೆ ಅದು, ಅಷ್ಟೇನೂ ಚೆನ್ನಾಗಿರಲಿಲ್ಲ. ಹೆಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಥೆಲ್ಮಾಗೆ ಫೋನ್ ಮಾಡಿ ಹೇಳಲೆಂದು ಮರ್ವಿನ್ ಎದ್ದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. ಮುಖದಲ್ಲಿ ಸ್ವಲ್ಪ ಹೊತ್ತಿನ ಹಿಂದಿನ ಆತಂಕ ಮತ್ತೆ ಇಣುಕಿತ್ತು. ಅಷ್ಟು ಒಳಗೆ ಅವಕ್ಕೆ ತೀರಾ ತಣ್ಣಗಿಲ್ಲ ತಾನೆ, ಮಾರ್ಚ್ ಕೊನೆಯವರೆಗೂ ತಡೆದುಕೊಳ್ಳುತ್ತವಾ ಎಂದು ಕೇಳಿದರು. ಕೋಲಿನ ತುದಿಗೆ ಕಟ್ಟಿದ್ದ ತಂತಿಯ ವಿಷಯ ನನಗೆ ಮರೆತೇಹೋಗಿತ್ತು. ಚೀಲದಿಂದ ಮಾಪಕವನ್ನು ತೆಗೆದು, ಆ ಸಂದಿಯಾಚೆ ಅದು ದಾಖಲಿಸಿಕೊಂಡಿದ್ದ ಅತಿ ಕಡಿಮೆ ತಾಪವನ್ನು ಓದಿ ಹೇಳಿದೆ: 8.3 ಡಿಗ್ರಿ ಸೆಲ್ಸಿಯಸ್, ಬಳ್ಳಿಯಿದ್ದ ಕಾಲದ ಮೊದಲ ಕವಲಿಗಿಂತಲೂ ಬೆಚ್ಚಗೆ.